ನಡುವಿನ ಶನಿವಾರ

ಶುಭ ಶುಕ್ರವಾರದ ಆರಾಧನೆ ಮುಗಿಸಿ ಮನೆಗೆ ಬಂದ ಗಾದೆಮ್ಮ ಕಟ್ಟೆಯ ಮೇಲೆ ಕುಳಿತವಳು ಮತ್ತೆ ಏಳಲಿಲ್ಲ. ಹೂವಿನಹಡಗಲಿಯ ಆ ಚಿಕ್ಕ ಚರ್ಚಿನ ಗಂಟೆ ಬಾರಿಸುತ್ತಿದ್ದವಳು ಅವಳೇ. ಹಬ್ಬಕ್ಕೆ ಬಿಡುವಿಲ್ಲದೆ ಎಳೆಯುತ್ತಿದ್ದಳು. ಸಾವಾದರೆ ಒಂದು ಸಲ ಎಳೆದು, ಸದ್ದು ಪೂರ್ತಿ ಅಡಗುವವರೆಗೆ ಕಾಯುತ್ತಿದ್ದಳು. ತನ್ನ ಮಣ್ಣಿಗೂ ಹಾಗೆ ಬಾರಿಸಬೇಕೆಂದು ಮಗಳು ಕೀರ್ತನಾಳಿಂದ ಮಾತು ತೆಗೆದುಕೊಂಡಿದ್ದಳು.

ಆದರೆ ಪವಿತ್ರ ಗುರುವಾರದಿಂದ ಶನಿವಾರ ರಾತ್ರಿ ಈಸ್ಟರ್ ಹಬ್ಬ ಶುರುಮಾಡುವ ಪಾಸ್ಖ ಜಾಗರಣೆಯವರೆಗೆ ಗಂಟೆ ಮುಟ್ಟುವಂತಿಲ್ಲ. ಕ್ರಿಸ್ತ ನೊಂದು, ಸತ್ತು, ಸಮಾಧಿಯಲ್ಲಿರುವ ಹೊತ್ತು ಅದು. ಮರದ ಹಲಗೆ ಬಡಿದು ಜನರನ್ನು ಕರೆಯುತ್ತಾರೆ. ಗುರುವಾರ ಹಗ್ಗವನ್ನು ಎತ್ತಿ ಗೂಟಕ್ಕೆ ಬಿಗಿದವಳೂ ಗಾದೆಮ್ಮನೇ.

"ಊರಿಗೆಲ್ಲ ಬಾರ್ಸಿ, ತನ್ನ ಪಾಳಿ ಬಂದಾಗ ಗಂಟಿ ಕಟ್ಟಿ ಹೋದ್ಲು ನೋಡು," ಎಂದಳು ಪಕ್ಕದ ಮನೆಯ ಶಿವಬಸಮ್ಮ, ಮರುದಿನ ನಸುಕಿಗೆ ಕಿತ್ತು ತಂದ ಮಲ್ಲಿಗೆ ಮೊಗ್ಗನ್ನು ಹೆಣದ ಪಕ್ಕ ಸುರಿಯುತ್ತ.

ಶನಿವಾರ ಬೆಳಿಗ್ಗೆ ಕೀರ್ತನಾ ಫಾದರ್ ಕನಕರಾಜರ ಬಳಿ ಹೋದಳು.

"ಒಂದ ಸಲ ಎಳೀತೀನ್ರಿ ಫಾದರ್."

"ಇವತ್ತು ಕ್ರಿಸ್ತನ್ನ ನಂಬಿದ ಧರ್ಮಸಭಿಯೆಲ್ಲ ಆತನ ಸಮಾಧಿ ಮುಂದ ಸುಮ್ನ ಕುಂತೈತವ್ವ."

"ಆತ ಎದ್ದು ಎರಡು ಸಾವಿರ ವರ್ಷ ಆತಲ್ರಿ. ಗೊತ್ತಿದ್ದೂ ಗೊತ್ತಿಲ್ಲದವರಂಗ ಯಾಕ ಕುಂದರಬೇಕು?"

"ಆತ ಎದ್ದಾನ. ನಿಮ್ಮವ್ವ ಇನ್ನೂ ಎದ್ದಿಲ್ಲ. ಆ ಎರಡರ ನಡುವ ಕಾಯೋದಕ್ಕ ಧರ್ಮಸಭಿ ಅಂತಾರ. ನಮ್ಮ ಬದುಕೆಲ್ಲ ಈ ಶನಿವಾರನ."

"ನಾಳಿತನ ಇಟ್ಕೊಳ್ಳಾಕಾಗಂಗಿಲ್ರಿ. ಬಿಸಿಲು ನೋಡ್ರಿ."

"ಗೊತ್ತವ್ವ."

ಹನ್ನೊಂದರ ಬಿಸಿಲಲ್ಲಿ ಪೆಟ್ಟಿಗೆ ಹೊರಟಿತು. ಮುಂದೆ ಒಬ್ಬರು ಆ ಮರದ ಹಲಗೆ ಬಡಿಯುತ್ತಿದ್ದರು. ಆ ಸದ್ದು ಬಡಿದಲ್ಲೇ ಸತ್ತುಹೋಗುತ್ತಿತ್ತು. ಮುಂದಿನ ಓಣಿಗೂ ತಲುಪಲಿಲ್ಲ. ಸಂಜೆಗೆ ಬಿರಿಯಬೇಕಿದ್ದ ಮೊಗ್ಗುಗಳು ಪೆಟ್ಟಿಗೆಯೊಳಗೇ ಮಣ್ಣಿಗಿಳಿದವು.

ಕತ್ತಲಾದ ಮೇಲೆ ಜಾಗರಣೆ ಶುರುವಾಯಿತು. ಮಹಿಮೆಯ ಹಾಡು ಎತ್ತಿದೊಡನೆ ಗಂಟೆ ಬಾರಿಸಬೇಕು. ಫಾದರ್ ಆ ಕೆಲಸವನ್ನು ಕೀರ್ತನಾಳಿಗೇ ವಹಿಸಿದ್ದರು. ಹಾಡು ಎದ್ದಿತು, ಹಗ್ಗದ ಗಂಟು ಬಿಚ್ಚಲಿಲ್ಲ. ಅವ್ವನ ಕೈ ಬಿಗಿದ ಗಂಟು.

"ಕೊಯ್ದುಬಿಡವ್ವ, ಹಾಡು ಮುಗೀತೈತಿ," ಎಂದು ಯಾರೋ ಕುಡುಗೋಲು ಚಾಚಿದರು.

ಅವಳು ತೆಗೆದುಕೊಳ್ಳಲಿಲ್ಲ. ಉಗುರಿನಿಂದ ಒಂದೊಂದೇ ಸುತ್ತು ಸಡಿಲಿಸಿದಳು. ಹಗ್ಗ ಕೈಗೆ ಬರುವಷ್ಟರಲ್ಲಿ ಹಾಡು ಮುಗಿದು, ಜನ ಮೇಣದಬತ್ತಿ ಹಿಡಿದು ಬಾಗಿಲಿನತ್ತ ತಿರುಗಿ ನೋಡುತ್ತಿದ್ದರು.

ಕೀರ್ತನಾ ಒಂದು ಸಲ ಎಳೆದಳು. ಸದ್ದು ಪೂರ್ತಿ ಅಡಗುವವರೆಗೆ ಕಾದಳು. ಮತ್ತೆ ಎಳೆದಳು.

ಪಾಸ್ಖಕ್ಕೆ ಹೀಗೆ ಬಾರಿಸುವುದಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಫಾದರ್ ಮುಂದಿನ ಪ್ರಾರ್ಥನೆಗೆ ಬಾಯಿ ತೆರೆದವರು, ಮುಚ್ಚಿ ಕಾದರು.