ಅಪ್ಪನ ಕಾರಿನ ಬಣ್ಣ

ಅಣ್ಣನ ಹೊಟ್ಟೆಕಿಚ್ಚು ಶುರುವಾದದ್ದು ಮೂಗಿನಿಂದ. ಅಂಗಳದ ಮೂಲೆಯಲ್ಲಿದ್ದ ಅಪ್ಪನ ಹಳೆಯ ಕಾರಿನ ಮೇಲಿಂದ ಟಾರ್ಪಾಲನ್ನು ತಮ್ಮ ಎಳೆದ ದಿನ, ಬೂಷ್ಟು ಹಿಡಿದ ಸೀಟುಗಳ ವಾಸನೆ ಮಹಡಿಯ ಮೇಲಿದ್ದ ಅಣ್ಣನ ಮನೆಗೂ ಬಂತು. ಹೆಂಡತಿ ಕಿಟಕಿ ಮುಚ್ಚಲು ಹೋದಳು. ಅಣ್ಣ ಬೇಡವೆಂದ. ಮುಚ್ಚಿದರೆ ಕೆಳಗೆ ನಡೆಯುವುದು ಕಾಣುವುದು ಹೇಗೆ?

ಹಾಗೆ ನೋಡಿದರೆ ಅವನು ಬಾಯಿ ತೆರೆಯುವಂತೆಯೇ ಇರಲಿಲ್ಲ. ಅಪ್ಪ ಹೋದ ಮೇಲೆ ಪಾಲಾದಾಗ ಬಣ್ಣದ ಅಂಗಡಿ ಅಣ್ಣನಿಗೆ ಬಂತು. ಕಾರಿನ ಮಾತು ಬಂದಾಗ "ಆ ತಗಡು ಯಾರಿಗೆ ಬೇಕು, ಗುಜರಿಗೆ ಹಾಕಿ" ಎಂದು ಮೂಗು ಮುರಿದವನು ಅವನೇ. "ಹಾಗಾದ್ರೆ ನಾನಿಟ್ಕೋತೀನಿ" ಎಂದ ತಮ್ಮ. ತಮ್ಮನದು ಮನೆ ಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸ. ಮೊಳೆ ಹೊಡೆಯಲು ಹೋಗಿ ಬೆರಳು ಜಜ್ಜಿಕೊಳ್ಳುವ ಪೈಕಿ. ಇವನೇನು ಕಿಸಿಯುತ್ತಾನೆ ಎಂದು ಅಣ್ಣ ನಿಶ್ಚಿಂತೆಯಿಂದ ಇದ್ದ.

ಆದರೆ ತಮ್ಮ ಬಿಡಲಿಲ್ಲ. ರಜೆ ಸಿಕ್ಕಾಗಲೆಲ್ಲ ತಂತಿ ಬ್ರಷ್ಷು ಹಿಡಿದು ತುಕ್ಕು ಉಜ್ಜಿದ. ತೂತು ಬಿದ್ದು ನೆಲ ಕಾಣುತ್ತಿದ್ದ ಕಡೆ ಹೊಸ ತಗಡು ವೆಲ್ಡ್ ಮಾಡಿಸಿದ. ಸೀಟುಗಳನ್ನು ಬಿಚ್ಚಿ ಬಿಸಿಲಿಗಿಟ್ಟು ಬೂಷ್ಟು ಒರೆಸಿದ. ಅಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಕೇಳಿದ ಸ್ಪ್ಯಾನರ್ ಎತ್ತಿಕೊಡತೊಡಗಿದಳು. ಮಂಡಿನೋವು ಅಂತ ಅಣ್ಣನ ಅಂಗಡಿಯ ಕಡೆ ತಲೆಯೂ ಹಾಕದ ಅಮ್ಮ! ಕೊನೆಗೆ ಅಣ್ಣನ ಹೆಂಡತಿಯೂ, ಇಣುಕಿ ಬರುತ್ತೇನೆಂದು ಕೆಳಗಿಳಿದವಳು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೀಟಿನ ಹೊಲಿಗೆ ತಿಕ್ಕುತ್ತ ಕೂತುಬಿಟ್ಟಳು. ಮೇಲೆ ಅಣ್ಣ ತನ್ನ ಚಹಾ ತಾನೇ ಮಾಡಿಕೊಂಡು ಕುಡಿದ.

ಉರಿಯ ಬೇರು ಇನ್ನೂ ಹಿಂದೆ ಇತ್ತು. ಚಿಕ್ಕಂದಿನಲ್ಲಿ ಆ ಕಾರು ತಾನಾಗಿ ಸ್ಟಾರ್ಟ್ ಆದ ಬೆಳಗು ಅಪರೂಪ. ಅಪ್ಪನ ತೊಡೆಯೇರಿ ತಮ್ಮ ಸ್ಟೀರಿಂಗ್ ಹಿಡಿಯುತ್ತಿದ್ದ. "ನೀನು ದೊಡ್ಡೋನು, ತಳ್ಳು" ಎಂದು ಅಪ್ಪ ಅಣ್ಣನನ್ನು ಹಿಂದಕ್ಕೆ ಅಟ್ಟುತ್ತಿದ್ದ. ಡಿಕ್ಕಿಯ ಮೇಲೆ ಎರಡೂ ಕೈಯಿಟ್ಟು, ಕೆನ್ನೆ ಒತ್ತಿ ತಳ್ಳಿದರೆ ಗೇಟಿನ ಹತ್ತಿರ ಕಾರು ಕೆಮ್ಮಿಕೊಂಡು ಹೊರಟುಬಿಡುತ್ತಿತ್ತು. ಅವರಿಬ್ಬರೂ ಬೀದಿ ಸುತ್ತಿ ಬರುವ ತನಕ ಇವನು ಹೊಗೆ ಕುಡಿದು ಗೇಟು ಕಾಯಬೇಕು. ಒಂದು ದಿನವಾದರೂ ಅಪ್ಪ "ಇವತ್ತು ನೀನು ಕೂತ್ಕೋ" ಎನ್ನಲಿಲ್ಲ. ಮೀಸೆ ನರೆತರೂ ಅಣ್ಣ ಅದನ್ನು ಮರೆತಿರಲಿಲ್ಲ.

ಬಣ್ಣ ಹೊಡೆಯುವ ಹೊತ್ತು ಬಂದಾಗ ಅಣ್ಣನ ಅಂಗಡಿಗೆ ತಮ್ಮ ಬಂದ.

"ಅಣ್ಣ, ಬಿಸಿಲಿಗೆ ಒಂದೊಂದು ಕಡೆ ಒಂದೊಂದು ಥರ ಮಾಸಿಹೋಗಿದೆ. ಮೊದಲು ಹೇಗಿತ್ತು ಅಂತ ನಿನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ. ನಾನು ಯಾವಾಗ್ಲೂ ಒಳಗೇ ಕೂತಿರ್ತಿದ್ದೆನಲ್ಲ."

ಕೊನೆಯ ಮಾತನ್ನು ಅವನು ಸುಮ್ಮನೆ ಅಂದದ್ದು. ಅಣ್ಣನಿಗೆ ಗಾಯಕ್ಕೆ ಉಪ್ಪು ಸವರಿದಂತಾಯಿತು. ಆದರೂ ಡಬ್ಬಿ ತೆಗೆದ. ಎಳೆ ಬಟಾಣಿಯ ಹಸಿರಿಗೆ ಹಾಲು ಬೆರೆಸಿದಂಥ ಬಣ್ಣ ಆ ಕಾರಿನದು. ತಮ್ಮ ಹೋದ ಮೇಲೆ ಬಿಳಿಗೆ ಹಸಿರು ಹಾಕಿ, ಹಳದಿ ಹನಿಸಿ, ಕಡ್ಡಿಯಲ್ಲಿ ಕಲಸಿ, ತಗಡಿನ ಚೂರಿಗೆ ಬಳಿದು ಬೆಳಕಿಗೆ ಹಿಡಿದ. ಅದೇ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆ ಕಾರಿನಲ್ಲಿ ತನ್ನ ಪಾಲಿಗೆ ಬಂದದ್ದು ಇದೊಂದೇ, ಇದನ್ನೂ ಅವನಿಗೇ ಕೊಡಬೇಕೇ? ನೀಲಿಯ ಡಬ್ಬಿ ತೆಗೆದು ಒಂದು ಚಮಚ ಸುರಿದ. ಮನಸ್ಸಿಗೆ ಸಾಲದೆ ಇನ್ನೂ ಒಂದಿಷ್ಟು. ಸಂಜೆ ಒಯ್ದು ತಮ್ಮನ ಮುಖ ನೋಡದೆ "ಇದೇ ಬಣ್ಣ, ತಗೋ" ಎಂದ.

ಬಣ್ಣ ಒಣಗಿದ ದಿನ ಅಣ್ಣ ಕಾದದ್ದು ಒಂದೇ ಮಾತಿಗೆ: "ಅಯ್ಯೋ, ಇದು ಆ ಕಾರಲ್ಲ." ಅಮ್ಮ ಕಾರಿನ ಸುತ್ತ ಒಂದು ಸುತ್ತು ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅದೇ ಬಣ್ಣ. ನಿಮ್ಮಪ್ಪ ಮೊದಲನೇ ಸಲ ತಂದು ನಿಲ್ಲಿಸಿದ ಹಾಗೇ ಇದೆ." ಅಕ್ಕಪಕ್ಕದವರೂ ತಲೆದೂಗಿದರು. ಕೆಡಿಸಿದ್ದನ್ನೂ ಜನ ಹೊಗಳಿದರೆ ಮನುಷ್ಯ ಏನು ಮಾಡಬೇಕು? ಅಲ್ಲ ಎನ್ನಲು ಬಾಯಿಲ್ಲ, ಹೌದು ಎನ್ನಲು ಮನಸ್ಸಿಲ್ಲ. ಅಣ್ಣ ಮಹಡಿ ಹತ್ತಿದ.

ಕಾರನ್ನು ಬೀದಿಗಿಳಿಸುವ ದಿನ ತಮ್ಮ ಅವನನ್ನು ಬಲವಂತದಿಂದ ಕೆಳಗೆ ಕರೆದ. ಪೆಟ್ರೋಲ್ ಕ್ಯಾನು ಕೈಗಿತ್ತು, "ಮೊದಲನೇ ಸಲ, ನೀನೇ ಹಾಕು" ಎಂದ. ಅಣ್ಣ ಬದಿಯ ಪುಟ್ಟ ಮುಚ್ಚಳ ತೆರೆದ. ಮುಚ್ಚಳದ ಒಳಬದಿಯಲ್ಲಿ, ಅಂಗೈಯಗಲ, ಎಳೆ ಬಟಾಣಿಯ ಹಸಿರು. ಬಿಸಿಲೇ ಕಾಣದ, ಒರೆಸಿ ಫಳಫಳ ಮಾಡಿದ ಅಪ್ಪನ ಕಾಲದ ಬಣ್ಣ. ಅದರ ಸುತ್ತ ತನ್ನ ನೀಲಿ ಬೆರಕೆ. ಕುರುಡನಿಗೂ ವ್ಯತ್ಯಾಸ ಕಾಣುತ್ತಿತ್ತು.

"ಈ ಮುಚ್ಚಳ ತುಕ್ಕಿಗೆ ಅಂಟ್ಕೊಂಡಿತ್ತು. ಬಣ್ಣ ಎಲ್ಲ ಹೊಡೆದಾದ ಮೇಲೆ ಬಿಟ್ಕೊಂಡ್ತು" ಎಂದ ತಮ್ಮ, ಅಮ್ಮನಿಗೆ ಕೇಳಿಸದಷ್ಟು ಮೆಲ್ಲಗೆ.

"ಮತ್ತೆ ಯಾಕೆ ಕೇಳಲಿಲ್ಲ?"

"ನೀನು ಬಣ್ಣದಲ್ಲಿ ತಪ್ಪೋನಲ್ಲ. ದಿನಾ ತಳ್ಳಿ ತಳ್ಳಿ ಆ ಬಣ್ಣ ನಿನಗೆ ಸಾಕಾಗಿರಬೇಕು ಅಂದ್ಕೊಂಡೆ. ನಿನಗೆ ಬೇಕಾದ್ದೇ ಇರಲಿ."

ಬೈದಿದ್ದರೆ ಅಣ್ಣ ತಿರುಗಿ ಬೈಯಬಹುದಿತ್ತು. ಈ ದೊಡ್ಡ ಮನಸ್ಸು ಎಲ್ಲಿಂದ ತಂದ ಇವನು? ಅದೂ ಇವನ ಪಾಲಿಗೇ ಬಂತೇ? ಕ್ಯಾನು ಬಗ್ಗಿಸಿದ; ಪೆಟ್ರೋಲ್ ಒಂದಿಷ್ಟು ಹೊರಗೆ ಚೆಲ್ಲಿತು.

ಅಮ್ಮ ಹಿಂದಿನ ಸೀಟಿನಲ್ಲಿ ಕೂತಳು. ತಮ್ಮ ಮುಂದೆ ಕೂತು ಕೀಲಿ ತಿರುಗಿಸಿದರೆ ಕಾರು ಕಮಕ್ ಕಿಮಕ್ ಅನ್ನಲಿಲ್ಲ. ಬ್ಯಾಟರಿ ಸತ್ತಿತ್ತು. ಅಣ್ಣ ಹಳೆಯ ರೂಢಿಯಂತೆ ಡಿಕ್ಕಿಯ ಕಡೆ ಹೊರಟ.

"ನೀನು ಕೂತ್ಕೋ ಅಣ್ಣ. ನಾನು ತಳ್ತೀನಿ."

ಅಪ್ಪನ ಸೀಟಿನಲ್ಲಿ ಕೂತು ಅಣ್ಣ ಎರಡನೇ ಗೇರಿಗೆ ಹಾಕಿ ಕ್ಲಚ್ ಒತ್ತಿದ. ಕಾರು ಉರುಳಿತು. ವೇಗ ಬಂದ ಮೇಲೆ ಕ್ಲಚ್ ಬಿಡಬೇಕು, ಇಂಜಿನ್ ಹತ್ತಿಕೊಳ್ಳುತ್ತದೆ. ಅಂಗಡಿಯ ವ್ಯಾನಿನಲ್ಲಿ ಎಷ್ಟೋ ಸಲ ಮಾಡಿದ ಕೆಲಸ. ಗೇಟು ಬಂತು. ಅವನು ಕ್ಲಚ್ ಬಿಡಲಿಲ್ಲ. ತಳ್ಳಲಿ. ಗೊತ್ತಾಗಲಿ. ಗೇಟು ದಾಟಿತು, ಪಕ್ಕದ ಮನೆ ದಾಟಿತು, ದೀಪದ ಕಂಬವೂ ದಾಟಿತು. ಕನ್ನಡಿಯಲ್ಲಿ ನೋಡಿದ. ತಮ್ಮ ಡಿಕ್ಕಿಗೆ ಕೆನ್ನೆ ಒತ್ತಿ, ಬೆವರು ಸುರಿಸುತ್ತ, ನಗುತ್ತ ತಳ್ಳುತ್ತಿದ್ದ. ತಳ್ಳುವುದರಲ್ಲಿ ನಗುವಂಥದ್ದು ಏನಿತ್ತು ಎಂದು ಅಣ್ಣನಿಗೆ ಎಂದೂ ತಿಳಿದಿರಲಿಲ್ಲ.

ಬೀದಿ ತಿರುವಿನಲ್ಲಿ ಅವನು ಕ್ಲಚ್ ಬಿಟ್ಟ. ಕಾರು ಕೆಮ್ಮಿ ಸ್ಟಾರ್ಟ್ ಆಯಿತು. ಬ್ರೇಕ್ ಹಾಕಿ ಕಾದ. ತಮ್ಮ ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ಕೂತ.

"ಅಬ್ಬಾ. ದಿನಾ ಇಷ್ಟು ದೂರ ತಳ್ತಿದ್ದೆಯಾ ಅಣ್ಣ ನೀನು?"

ಅಣ್ಣ ರಸ್ತೆಯನ್ನೇ ನೋಡುತ್ತಿದ್ದ.

"ಇಲ್ಲ" ಎಂದ. "ಗೇಟಿನ ತನಕ ಅಷ್ಟೇ."