ಮೊದಲು ಕೊಕ್ಕರೆಯ ಬೆನ್ನು

ಕೊಕ್ಕರೆ ಮಾಲೀಶಿನ ಮಂಚಕ್ಕೆ ಬಿಳಿ ಬಟ್ಟೆ ಹಾಸಿ, ಎಡಗೈಯಿಂದಲೇ ಸುಕ್ಕು ಬಿಡಿಸಿದಳು. ಬಲಗೈ ಭುಜಕ್ಕಿಂತ ಮೇಲೇಳುತ್ತಿರಲಿಲ್ಲ. ಗಾರ್ಮೆಂಟ್ಸಿನಲ್ಲಿ ದಿನವಿಡೀ ನಿಂತೇ ಇಸ್ತ್ರಿ ಮಾಡುವವಳು. ಆಗಾಗ ಒಂಟಿಕಾಲಲ್ಲಿ ನಿಂತು ಇನ್ನೊಂದಕ್ಕೆ ಬಿಡುವು ಕೊಡುವುದರಿಂದ ಆ ಹೆಸರು. ಕೈ ಸೋತಿದೆಯೆಂದು ಮೇಸ್ತ್ರಿಗೆ ಗೊತ್ತಾದರೆ ನಾಳೆಯೇ ಗೇಟಿನಾಚೆ.

ಕಂಪನಿ ಮಾಲೀಶಿನವಳನ್ನು ಕರೆಸಿದ್ದು ಆಫೀಸಿನವರಿಗೆ. ಅವರಿಗೆ ಒತ್ತಡ ಜಾಸ್ತಿಯಂತೆ. ನಮಗಿಲ್ಲವೇ ಎಂದು ಹೆಂಗಸರು ಕೇಳಿದ್ದಕ್ಕೆ ಮೇಸ್ತ್ರಿ, ಕೂತವರಿಗೆ ಬರುವುದು ಒತ್ತಡ, ನಿಂತವರಿಗೆ ಬರುವುದು ಬರೀ ನೋವು, ಮನೆಗೆ ಹೋಗಿ ಬಿಸಿನೀರು ಹುಯ್ದುಕೊಳ್ಳಿ ಎಂದಿದ್ದ.

ಟವೆಲ್ಲು ಸುತ್ತಿಕೊಂಡು ಬಂದ ಮ್ಯಾನೇಜರು, ಮಾಲೀಶಿನವಳ ಸೌತೆಕಾಯಿಯಂಥ ಹೆಬ್ಬೆರಳು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಮೇಸ್ತ್ರಿಗೆ ಅರ್ಥವಾಯಿತು.

"ಏಯ್ ಕೊಕ್ಕರೆ ಮುಂಡೆ, ಮೊದ್ಲು ನೀ ಮಲಗು. ಮುರಿದ್ರೆ ನಿನ್ನ ಮೂಳೆ ಮುರೀಲಿ. ಸಾಹೇಬ್ರು ಆಮೇಲೆ ಮಲಗ್ತಾರೆ."

ಬೋರಲು ಮಲಗಿದಳು. ಹೆಬ್ಬೆರಳು ಭುಜದ ಸಂದಿಗಿಳಿಯಿತು.

"ಇದೇನಕ್ಕಾ, ಇಸ್ತ್ರಿಪೆಟ್ಟಿಗೇನೇ ನುಂಗಿದ್ದೀಯಾ?" ಮಾಲೀಶಿನವಳು ಬಗ್ಗಿ ಕೇಳಿದಳು.

"ಮೆಲ್ಲಗೆ ಮಾತಾಡೇ ತಾಯಿ. ಗೊತ್ತಾದ್ರೆ ಓಡಿಸ್ತಾರೆ."

ಮಾಲೀಶಿನವಳು ಕೈ ಬಿಗಿ ಮಾಡಿದಳು. ಕೊಕ್ಕರೆ ಮೊದಲು ಹಲ್ಲು ಕಚ್ಚಿದಳು, ಆಮೇಲೆ ನಿಟ್ಟುಸಿರಿಟ್ಟಳು, ಆಮೇಲೆ ಗೊರಕೆ ಹೊಡೆದಳು. ಮೇಸ್ತ್ರಿ ಮಂಚದ ಕಾಲಿಗೆ ಒದ್ದು, ಮುರೀಲಿಲ್ಲವಲ್ಲ, ಏಳೇ ಎಂದ. ಅವಳು ಮ್ಯಾನೇಜರ ಕಡೆಗೆ ಒಂದು ಕಣ್ಣು ಬಿಟ್ಟಳು.

"ಎಡಗಡೆ ಇನ್ನೂ ನೋಡಿಲ್ಲ ಸಾರ್. ಬಲಗಡೆ ಉಳೀತು ಅಂತ ಎಡಗಡೆ ಉಳಿಯತ್ತೆ ಅನ್ನೋಕಾಗತ್ತಾ? ನಿಮ್ಮ ಜೀವದ ಪ್ರಶ್ನೆ."

ಮ್ಯಾನೇಜರಿಗೂ ಅದು ಸರಿಯೆನಿಸಿತು. ಪೂರ್ತಿ ನೋಡಿಬಿಡಿ ಎಂದ.

ಆ ಮಾತು ಇಸ್ತ್ರಿ ಸಾಲಿಗೆ ಮುಟ್ಟಲು ತಡವಾಗಲಿಲ್ಲ. ಪೆಟ್ಟಿಗೆಗಳ ಸ್ವಿಚ್ಚು ಆರಿಸಿ ಹೆಂಗಸರೆಲ್ಲ ಬಂದು ಮಂಚದ ಮುಂದೆ ಸಾಲುಗಟ್ಟಿದರು. ಒಬ್ಬಳು ಕತ್ತಿನ ಪರೀಕ್ಷೆಗಂತೆ, ಒಬ್ಬಳು ಸೊಂಟದ್ದಕ್ಕಂತೆ. ಗುಂಡಿ ಹೊಲಿಯುವ ಅಜ್ಜಿ ಹಿಮ್ಮಡಿಯ ಪರೀಕ್ಷೆಗೆ ಬಂದಿದ್ದಳು. ಸಾಹೇಬರಿಗೂ ಹಿಮ್ಮಡಿ ಇದ್ದೇ ಇರುತ್ತಲ್ಲ ಎಂಬುದು ಅವಳ ವಾದ. ಮೇಸ್ತ್ರಿ ಅವರವರ ಅಪ್ಪ ಅಮ್ಮನನ್ನೆಲ್ಲ ಎಳೆದು ಬೈದ. ಮ್ಯಾನೇಜರೇ ಒಪ್ಪಿದ ಪರೀಕ್ಷೆ, ಬೈಗುಳಕ್ಕೆ ಯಾರು ಜಗ್ಗುತ್ತಾರೆ?

ಕೊಕ್ಕರೆ ಎದ್ದು ಬಲಗೈ ಎತ್ತಿದಳು. ಕಿವಿಯವರೆಗೆ ಬಂತು. ಇನ್ನೂ ಸಾಲದೆಂದು ಹೋಗಿ ಸಾಲಿನ ತುದಿಯಲ್ಲಿ ನಿಂತಳು.

ಅವಳ ಬೆನ್ನ ಹಿಂದೆ ಮ್ಯಾನೇಜರು ಟವೆಲ್ಲು ಬಿಗಿಹಿಡಿದು ಕೆಮ್ಮಿದ.

"ಒಂಚೂರು ಜಾಗ ಬಿಡಿ ತಾಯಂದ್ರಾ. ನಂಗೂ ಸೊಂಟ ಹಿಡ್ಕೊಂಡಿದೆ."

ಸಾಲು ಅಲುಗಲಿಲ್ಲ.