ಮಳವಳ್ಳಿಗೆ ಹೋಗಿದ್ದ ಕೆಲಸ

ಮದ್ದೂರಿನ ಪೇಟೆಬೀದಿಯ ಹಿಂದೆ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮನೆಯಲ್ಲಿ ರುಮಾನಾ ಒಬ್ಬಳೇ ಇದ್ದಳು. ತಾಯಿ ತೀರಿಕೊಂಡ ಮೇಲೆ ಮಂಡ್ಯದಲ್ಲಿ ಗ್ಯಾರೇಜು ಇಟ್ಟಿದ್ದ ತಮ್ಮ ತಮೀಮ್ "ನಮ್ಮ ಜೊತೆ ಬಂದ್ಬಿಡು ಆಪಾ" ಎಂದು ಕರೆದಿದ್ದ. ಅವನದು ಎರಡು ಕೋಣೆಯ ಮನೆ. ಹೆಂಡತಿ, ಮಕ್ಕಳು, ಹೆಂಡತಿಯ ತಾಯಿ. ಮನೆಯಿಂದಲೇ ಕೆಲಸ ಮಾಡುವವಳಿಗೆ ಸದ್ದಿಲ್ಲದ ಜಾಗ ಬೇಕು ಎಂದು ರುಮಾನಾ ಕಾರಣ ಹೇಳಿದಳು. ಅದು ಸುಳ್ಳೇನೂ ಆಗಿರಲಿಲ್ಲ.

ಅವಳ ಕೆಲಸ ಸಣ್ಣ ಊರುಗಳ ರಕ್ತಪರೀಕ್ಷೆಯ ಲ್ಯಾಬ್‌ಗಳಿಗೆ ರಿಪೋರ್ಟು ತಯಾರಿಸಿಕೊಡುವ ತಂತ್ರಾಂಶದ್ದು. ಕಂಪನಿ ಯೋಗಾನರಸಿಂಹ ಅವರದು. ಮೊದಲು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಈಗಲೂ ಎಲ್ಲರಿಗೂ 'ಸರ್'. ಮಂಡ್ಯದಲ್ಲಿದ್ದ ಆಫೀಸನ್ನು ಬಿಟ್ಟ ಮೇಲೆ ಎಲ್ಲರೂ ಅವರವರ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದರು. ಉಳಿದದ್ದು ಎಲ್ಲರೂ ಹಂಚಿಕೊಂಡ ಒಂದೇ ಒಂದು ಹಳೇ ಕಂಪ್ಯೂಟರು, ಸರ್ವರ್. ಅದು ಸರ್ ಮನೆಯ ಮೆಟ್ಟಿಲ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿತ್ತು. ಯಾರೇ ಹೊಸದಾಗಿ ಏನು ಬರೆದರೂ ಆ ಕಂಪ್ಯೂಟರಿಗೆ ಹಾಕಿಯೇ ಪರೀಕ್ಷಿಸಿ ನೋಡಬೇಕು.

ಇದರಿಂದ ದಿನಾ ಜಗಳ. ಮಂಡ್ಯದಿಂದ ಮಧುಕರ ಒಂದು ಬದಲಾವಣೆ ಹಾಕಿದರೆ ಮಳವಳ್ಳಿಯಲ್ಲಿ ಕೂತ ಸುನಿತಾಳ ಕೆಲಸ ಕೆಡುತ್ತಿತ್ತು. ಬೆಳಗ್ಗೆ ರುಮಾನಾ ಇನ್ನೂ ಚಹಾ ಸೋಸುತ್ತಿರುವಾಗಲೇ ಮಧುಕರನ ಫೋನು ಬರುತ್ತಿತ್ತು.

"ರುಮಾನಾ, ಯಾರ್ರೀ ಸರ್ವರ್ ಮುಟ್ಟಿದ್ದು? ನನ್ನ ಪೇಷೆಂಟ್‌ಗಳೆಲ್ಲ ಎಲ್ಲೋದ್ರು?"

"ಸುನಿತಾ ರಾತ್ರಿ ಏನೋ ಮಾಡ್ತಿದ್ಲು. ಕೇಳಿ."

"ಅವ್ಳನ್ನ ಕೇಳಿದ್ರೆ ನಿಮ್ಮನ್ನ ಕೇಳಿ ಅಂತಾಳೆ!"

ಬೈದಾಡಿ, ಹುಡುಕಿ, ಸರಿಮಾಡುವ ಹೊತ್ತಿಗೆ ಮಧುಕರ ಬೆಳಗ್ಗೆ ತಿಂದ ಇಡ್ಲಿಯ ಸುದ್ದಿಗೋ, ಮಗಳಿಗೆ ಹಲ್ಲು ಬಂದ ಸುದ್ದಿಗೋ ಬರುತ್ತಿದ್ದ. ಸುನಿತಾ ಫೋನು ಮಾಡಿದರೆ ಅತ್ತೆಯ ದನಿಯೂ ಹಿಂದಿನಿಂದ ಕೇಳುತ್ತಿತ್ತು. ಇದನ್ನೆಲ್ಲ ಮಾತುಕತೆ ಎಂದು ರುಮಾನಾ ಆಗ ಎಣಿಸಿರಲಿಲ್ಲ. ಅವಳ ಲೆಕ್ಕದಲ್ಲಿ ಅದು ತಲೆನೋವು.

ಒಂದು ಸಲ ಯಾವುದೋ ಲ್ಯಾಬಿನವರಿಗೆ ಸರ್ ತಂತ್ರಾಂಶ ತೋರಿಸುತ್ತಿರುವಾಗಲೇ ಪರದೆಯ ಮೇಲಿದ್ದ ಹೆಸರುಗಳೆಲ್ಲ ಮಾಯವಾದವು. ಮಧುಕರ ಅದೇ ಹೊತ್ತಿಗೆ ತನ್ನ ಪರೀಕ್ಷೆಗೆಂದು ಎಲ್ಲವನ್ನೂ ಅಳಿಸಿದ್ದ. ಅಂದು ಸಂಜೆ ಸರ್ ರುಮಾನಾಗೆ ಫೋನು ಮಾಡಿದರು.

"ಇದು ಸಾಕಮ್ಮ. ಒಬ್ಬರ ಕೈ ಇನ್ನೊಬ್ಬರಿಗೆ ತಗಲಬಾರದು. ಎಲ್ಲರ ಲ್ಯಾಪ್‌ಟಾಪಿನಲ್ಲೂ ಇಡೀ ವ್ಯವಸ್ಥೆ ಓಡೋ ಹಾಗೆ ಮಾಡಕ್ಕಾಗುತ್ತಾ?"

"ಆಗುತ್ತೆ ಸರ್. ಕಂಟೇನರ್‌ನಲ್ಲಿ ಮಾಡಬಹುದು."

ಕಂಟೇನರ್ ಎಂದರೆ ಒಂದು ತಂತ್ರಾಂಶವನ್ನೂ ಅದಕ್ಕೆ ಬೇಕಾದ ಸಾಮಾನನ್ನೂ ಒಟ್ಟಿಗೆ ಕಟ್ಟಿ, ಯಾವ ಕಂಪ್ಯೂಟರಿನಲ್ಲಿ ಬಿಚ್ಚಿದರೂ ಒಂದೇ ರೀತಿ ನಡೆಯುವಂತೆ ಮಾಡುವ ಏರ್ಪಾಡು. ರುಮಾನಾ ಮಾಹಿತಿ ಕೂಡಿಡುವ ಡೇಟಾಬೇಸಿಗೆ ಒಂದು ಕಟ್ಟಿದಳು, ರಿಪೋರ್ಟು ಅಚ್ಚು ಹಾಕುವುದಕ್ಕೆ ಒಂದು, ಮೆಸೇಜು ಕಳಿಸುವುದಕ್ಕೆ ಒಂದು. ಈ ಮೂರನೆಯದು ನಿಜವಾಗಿ ಯಾರಿಗೂ ಮೆಸೇಜು ಕಳಿಸುತ್ತಿರಲಿಲ್ಲ. ಕಳಿಸಿದ ಹಾಗೆ ನಟಿಸಿ ತನ್ನಲ್ಲೇ ಇಟ್ಟುಕೊಳ್ಳುತ್ತಿತ್ತು. ರಿಪೋರ್ಟಿನದು ಬಹಳ ಕಾಡಿಸಿತು. ಇಂಗ್ಲಿಷಿನ ಸಾಲುಗಳೆಲ್ಲ ಸರಿಯಾಗಿ ಬಂದವು, ಕನ್ನಡದ ಹೆಸರುಗಳ ಜಾಗದಲ್ಲಿ ಬರೀ ಖಾಲಿ ಚೌಕಗಳು. ಕಟ್ಟುವಾಗ ಕನ್ನಡದ ಫಾಂಟ್ ಹಾಕಲು ಮರೆತಿದ್ದಳು. ಅದನ್ನು ಸೇರಿಸಿ ಮತ್ತೆ ಓಡಿಸಿದಾಗ ಚೌಕಗಳ ಜಾಗದಲ್ಲಿ ಪರೀಕ್ಷೆಗೆಂದು ಅವಳೇ ಬರೆದಿಟ್ಟಿದ್ದ ಹೆಸರು ಬಂತು: ಸುಲ್ತಾನ್ ಬೀ. ಅಮ್ಮನ ಹೆಸರು. ಬರೆಯುವಾಗ ಏನೂ ಅನ್ನಿಸಿರಲಿಲ್ಲ. ಈಗ ಹಿಮೋಗ್ಲೋಬಿನ್ನಿನ ಪಕ್ಕದಲ್ಲಿ ಅದನ್ನು ಓದಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ಎಲ್ಲವೂ ಸಿದ್ಧವಾದಾಗ ಒಂದೇ ಆಜ್ಞೆ ಕೊಟ್ಟರೆ ಸಾಕು, ಇಡೀ ವ್ಯವಸ್ಥೆ ಎದ್ದು ನಿಲ್ಲುತ್ತಿತ್ತು. ಮಧುಕರ ಗ್ರೂಪಿನಲ್ಲಿ ಚಪ್ಪಾಳೆಯ ಚಿತ್ರ ಹಾಕಿದ. ಸರ್ ಮೆಟ್ಟಿಲ ಕೆಳಗಿನ ಕಂಪ್ಯೂಟರನ್ನು ಆರಿಸಿ, ಆ ಜಾಗದಲ್ಲಿ ಮೊಮ್ಮಗನ ಸೈಕಲ್ಲು ನಿಲ್ಲಿಸಿದರು.

ಫೋನುಗಳು ನಿಂತವು.

ಮೊದಲ ದಿನಗಳಲ್ಲಿ ಅದು ಹಾಯೆನ್ನಿಸಿತು. ಆಮೇಲೆ ಒಂದು ಸಂಜೆ ಹಾಲು ತರಲು ಕೆಳಗಿಳಿದು "ಅರ್ಧ ಲೀಟ್ರು" ಅನ್ನಲು ಹೋದರೆ ಗಂಟಲು ಕಟ್ಟಿತ್ತು. ಕೆಮ್ಮಿ ಸರಿಮಾಡಿಕೊಂಡು ಎರಡನೇ ಸಲ ಹೇಳಿದಳು. ಬೆಳಗ್ಗೆಯಿಂದ ಅಷ್ಟು ಹೊತ್ತಿನವರೆಗೆ ತಾನು ಬಾಯಿ ತೆರೆದೇ ಇರಲಿಲ್ಲವೆಂದು ಮೆಟ್ಟಿಲು ಹತ್ತುವಾಗ ಹೊಳೆಯಿತು. ಮಧುಕರನಿಗೆ ತಾನೇ ಫೋನು ಮಾಡಿ "ಎಲ್ಲ ಸರಿಯಾಗಿ ಓಡ್ತಿದೆಯಾ?" ಎಂದು ಕೇಳಿದಳು. "ಸೂಪರ್ ರುಮಾನಾ, ಒಂದು ತೊಂದ್ರೆ ಇಲ್ಲ" ಅಂದ ಅವನು. ಅಷ್ಟಕ್ಕೇ ಇಬ್ಬರೂ ಫೋನಿಟ್ಟರು. ವ್ಯವಸ್ಥೆ ಎದ್ದು ನಿಲ್ಲದೆ ಉಳಿದದ್ದು ಸುನಿತಾಳ ಲ್ಯಾಪ್‌ಟಾಪಿನಲ್ಲೊಂದೇ.

"ಅಕ್ಕ, ನನ್ನ ಲ್ಯಾಪ್‌ಟಾಪು ಹಳೇದು. ಶುರು ಮಾಡಿದ ತಕ್ಷಣ ಎಲ್ಲಾ ನಿಂತೋಯ್ತದೆ. ಮೌಸೂ ಅಲ್ಲಾಡಲ್ಲ," ಎಂದು ಅವಳು ಫೋನಿನಲ್ಲಿ ಹೇಳಿದಾಗಲೇ ರುಮಾನಾಗೆ ಗೊತ್ತಾಯಿತು. ಮೆಮೊರಿ ಸಾಲುತ್ತಿಲ್ಲ. ಡೇಟಾಬೇಸಿಗೆ ಇಷ್ಟೇ ಎಂದು ಮಿತಿ ಹಾಕಬೇಕು, ರಿಪೋರ್ಟಿನ ಕಂಟೇನರನ್ನು ಬೇಕಾದಾಗ ಮಾತ್ರ ಎಬ್ಬಿಸಬೇಕು. ಎರಡು ಸಾಲು ಬದಲಿಸು ಎಂದು ಅಲ್ಲೇ ಹೇಳಬಹುದಿತ್ತು.

"ನೋಡದೆ ಹೇಳಕ್ಕಾಗಲ್ಲ ಸುನಿತಾ," ಅಂದಳು. "ನಾಳೆ ನಾನೇ ಬರ್ತೀನಿ."

ಬೆಳಗ್ಗೆ ದೊಡ್ಡಿ ಊರಿನ ಮೇಲೆ ಮಳವಳ್ಳಿಗೆ ಹೋಗುವ ಬಸ್ಸು ಹಿಡಿದಳು. ಬೇಕರಿಯಲ್ಲಿ ಸುನಿತಾಳ ಮಗುವಿಗೆಂದು ಬಿಸ್ಕತ್ತು ಕಟ್ಟಿಸಿಕೊಂಡಿದ್ದಳು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಂತು ನಿಂತು ಸಾಗಿದರೂ ಅವಳಿಗೆ ಬೇಸರವಾಗಲಿಲ್ಲ.

ಸುನಿತಾಳ ಮನೆ ಮಳವಳ್ಳಿಯ ಹೊರಗಿನ ಹೊಸ ಬಡಾವಣೆಯಲ್ಲಿತ್ತು. ಇಬ್ಬರೂ ಫೋನಿನಲ್ಲಿ ಅಷ್ಟು ಮಾತಾಡಿದ್ದರೂ ಮುಖಾಮುಖಿ ನೋಡಿದ್ದು ಒಂದೆರಡು ಸಲ, ಆಫೀಸಿದ್ದಾಗ. ಬಾಗಿಲಲ್ಲಿ ಇಬ್ಬರಿಗೂ ಸ್ವಲ್ಪ ಸಂಕೋಚವಾಯಿತು. ಸುನಿತಾಳ ಅತ್ತೆ ಚಿಕ್ಕಮಾದಮ್ಮನಿಗೆ ಅದೇನೂ ಇರಲಿಲ್ಲ. ಹಿತ್ತಲಲ್ಲಿ ಎರಡು ಕುರಿಗೆ ಸೊಪ್ಪು ಹಾಕುತ್ತಿದ್ದ ಮುದುಕಿ ಸೆರಗಿಗೆ ಕೈ ಒರೆಸಿಕೊಂಡು ಒಳಬಂದು ನೋಡಿದಳು.

"ಮದ್ದೂರಿನವ್ಳಾ? ಯಾರ್ ಯಾರ್ ಇದ್ದೀರವ್ವ ಮನೇಲಿ?"

"ನಾನೊಬ್ಳೇ ಅಮ್ಮ."

"ಒಬ್ಳೇನಾ? ಅದ್ಯಾಕಂಗೆ?"

"ಅತ್ತೆ, ಸುಮ್ನಿರಿ," ಎಂದು ಸುನಿತಾ ಅಡುಗೆಮನೆಯಿಂದ ಕೂಗಿದಳು.

"ಕೇಳಿದ್ರೆ ಏನ್ ಕಿತ್ಕೊಂಡ್ ಓಯ್ತದೆ ಬುಡು," ಅಂದಳು ಚಿಕ್ಕಮಾದಮ್ಮ. ರುಮಾನಾಗೆ ನಗು ಬಂತು.

ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ಇಟ್ಟು ಕೂತಳು. ಎರಡು ಸಾಲು ಬದಲಿಸಿ ಆಜ್ಞೆ ಕೊಟ್ಟಳು. ಲ್ಯಾಪ್‌ಟಾಪಿನೊಳಗಿನ ಫ್ಯಾನು ಸ್ವಲ್ಪ ಹೊತ್ತು ಗುಂಯ್ ಎಂದು ಕಿರುಚಿ ತಣ್ಣಗಾಯಿತು. ಒಂದೊಂದಾಗಿ ಎಲ್ಲವೂ ಎದ್ದವು. ಅವಳು ಪರೀಕ್ಷೆಗೊಂದು ರಿಪೋರ್ಟು ತೆಗೆದು ನೋಡಿದಳು. ಸರಿಯಾಗಿತ್ತು. ಸುನಿತಾ ಕೊಟ್ಟಿದ್ದ ಕಾಫಿ ಇನ್ನೂ ಬಿಸಿಯಾಗಿತ್ತು.

"ಆಯ್ತಾ ಅಕ್ಕ?" ಎಂದು ಸುನಿತಾ ಮಗುವಿಗೆ ಅಂಗಿ ಹಾಕುತ್ತಾ ಕೇಳಿದಳು.

ರುಮಾನಾ ಪರದೆಯನ್ನು ಸ್ವಲ್ಪ ತನ್ನ ಕಡೆಗೆ ತಿರುಗಿಸಿಕೊಂಡಳು. "ಇನ್ನೂ ಸ್ವಲ್ಪ ಇದೆ," ಅಂದಳು.

ಹಾಗೆ ಹೇಳಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲೂ ಆಗಲಿಲ್ಲ. ಆಗಾಗ ಕೀಲಿಗಳನ್ನು ಒತ್ತುತ್ತಾ ಕೂತಳು. ಚಿಕ್ಕಮಾದಮ್ಮ ಪಕ್ಕದಲ್ಲೇ ಅವರೆಕಾಯಿ ಸುಲಿಯಲು ಬಂದು ಕೂತಾಗ ಇವಳೂ ಕೈಹಾಕಿದಳು. ಮುದುಕಿ ಕುರಿಗೆ ಹೆಸರಾದ ತನ್ನ ತವರು ಬಂಡೂರಿನ ಮಾತೆತ್ತಿದಳು. ಹಿತ್ತಲಿನ ಕುರಿಗಳು ಅಲ್ಲಿಂದ ತಂದವು, ಬೇರೆಯವು ಕಣ್ಣಿಗೆ ಹಿಡಿಸುವುದಿಲ್ಲ ಎಂದಳು. ಮಗು ಬಂದು ರುಮಾನಾಳ ದುಪಟ್ಟಾದ ಅಂಚಿಗೆ ಬಿಸ್ಕತ್ತು ಒರೆಸಿತು. ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು. ಮೂವರೂ ಮಾತಾಡುತ್ತಾ ಉಂಡರು. ಊಟ ಮಾಡುವಾಗ ಎದುರಿಗೆ ಇನ್ನೊಂದು ತಟ್ಟೆ ಇರುವುದನ್ನು ರುಮಾನಾ ನೋಡಿ ಬಹಳ ದಿನಗಳಾಗಿದ್ದವು.

ಅವಳು ಹಿತ್ತಲಿಗೆ ಹೋಗಿ ಕೈ ತೊಳೆದು ಬರುವಷ್ಟರಲ್ಲಿ ಸುನಿತಾ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಏನೇನು ಓಡುತ್ತಿದೆ ಎಂದು ತೋರಿಸುವ ಆಜ್ಞೆಯನ್ನು ಕೊಟ್ಟಿದ್ದಳು. ಪ್ರತಿ ಕಂಟೇನರಿನ ಹೆಸರಿನ ಮುಂದೆ ಅದು ಎಷ್ಟು ಹೊತ್ತಿನಿಂದ ನಡೆಯುತ್ತಿದೆ ಎಂಬುದೂ ಬರುತ್ತದೆ.

"ಅಕ್ಕ," ಎಂದಳು ಸುನಿತಾ, "ಇದು ಓಡಕ್ಕೆ ಶುರುವಾಗಿ ಆಗಲೇ ಮೂರು ಗಂಟೆ ಆಗಿದೆಯಲ್ಲ."

ರುಮಾನಾ ಒದ್ದೆ ಕೈಯಲ್ಲೇ ನಿಂತಳು.

"ಬೆಳಗ್ಗೆನೇ ಆಗಿದ್ರೆ ಹೇಳಬಾರ್ದಿತ್ತಾ? ಇವತ್ತು ಸಂಜೆಗೆ ನನ್ನ ಕೆಲಸ ಮುಗಿಸಿ ಸರ್‌ಗೆ ಕೊಡಬೇಕು. ಒಂದು ಸಾಲೂ ಬರ್ದಿಲ್ಲ." ದನಿಯಲ್ಲಿ ಕೋಪಕ್ಕಿಂತ ಗೊಂದಲವೇ ಹೆಚ್ಚಿತ್ತು. ಅದು ರುಮಾನಾಗೆ ಇನ್ನಷ್ಟು ತಾಗಿತು.

"ಮರ್ತೇಹೋಯ್ತು," ಎಂದಳು. ಆ ಮಾತು ಅವಳ ಕಿವಿಗೇ ಕೆಟ್ಟದಾಗಿ ಕೇಳಿಸಿತು. ಬ್ಯಾಗು ತೆಗೆದುಕೊಂಡು "ನಾನು ಹೊರಡ್ತೀನಿ" ಅಂದಳು.

ಸುನಿತಾ ಮಗುವನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಬೇಡವೆಂದರೂ ಬಂದಳು. ಬಸ್ಸು ಇನ್ನೂ ಬಂದಿರಲಿಲ್ಲ.

"ಈಗ ಯಾರೂ ಫೋನ್ ಮಾಡಲ್ಲ ಸುನಿತಾ," ಎಂದು ರುಮಾನಾ ರಸ್ತೆಯ ಕಡೆ ನೋಡುತ್ತಾ ಹೇಳಿದಳು. "ಮೊದಲು ದಿನಾ ಏನಾದ್ರೂ ಕೆಡ್ತಿತ್ತು. ಈಗ ಏನೂ ಕೆಡಲ್ಲ. ನಾನೇ ಹಂಗೆ ಮಾಡಿಟ್ಟೆ. ಇವತ್ತು ನಿಮ್ಮನೆಯಿಂದ ಏಳಕ್ಕೆ ಮನಸ್ಸು ಬರ್ಲಿಲ್ಲ, ಅಷ್ಟೇ."

ಸುನಿತಾ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. "ನಂಗೆ ಒಂದು ಗಳಿಗೆ ಒಬ್ಳೇ ಕೂರಕ್ಕೆ ಬಿಟ್ರೆ ಸಾಕು ಅನ್ನಿಸ್ತದಕ್ಕ," ಎಂದಳು. ಆಮೇಲೆ ಅದನ್ನು ಹೇಳಬಾರದಿತ್ತೇನೋ ಎಂಬಂತೆ, "ನಾನು ಫೋನ್ ಮಾಡ್ತೀನಿ ಬಿಡಿ, ಸುಮ್ನೆ ಆದ್ರೂ ಮಾಡ್ತೀನಿ" ಎಂದು ಸೇರಿಸಿದಳು.

ಅವಳು ಮಾಡಿದಳು ಕೂಡ. ಮುಂದಿನ ವಾರ ಒಮ್ಮೆ, ಅದರ ಮುಂದಿನ ವಾರ ಒಮ್ಮೆ. "ಊಟ ಆಯ್ತಾ ಅಕ್ಕ?" ಎನ್ನುವಷ್ಟರಲ್ಲಿ ಮಗು ಅಳುತ್ತಿತ್ತು, ಇಲ್ಲವೇ ಕುಕ್ಕರು ಕೂಗುತ್ತಿತ್ತು. ಆಮೇಲೆ ಕರೆ ಬರಲಿಲ್ಲ. ರುಮಾನಾ ಅದನ್ನು ಅವಳ ತಪ್ಪೆಂದು ಎಣಿಸಲಿಲ್ಲ. ವಾರಕ್ಕೊಂದು ದಿನ ಎಲ್ಲರೂ ಮಂಡ್ಯದಲ್ಲಿ ಸೇರಿ ಕೆಲಸ ಮಾಡೋಣವೇ ಎಂದು ಸರ್ ಅವರನ್ನು ಕೇಳಿ ನೋಡಿದಳು. "ಯಾಕಮ್ಮ, ಈಗ ಎಲ್ಲ ಚೆನ್ನಾಗೇ ನಡೀತಿದೆಯಲ್ಲ," ಎಂದರು ಸರ್, ನಿಜವಾಗಿಯೂ ಅರ್ಥವಾಗದೆ.

ಮಳೆಗಾಲ ಶುರುವಾಗುವ ಹೊತ್ತಿಗೆ, ಒಂದು ಮಧ್ಯಾಹ್ನ, ರುಮಾನಾ ತಾನೇ ಸುನಿತಾಳ ನಂಬರು ಒತ್ತಿದಳು. ಹೇಳಲು ಯಾವ ದೋಷವೂ ಇರಲಿಲ್ಲ, ಕೇಳಲು ಯಾವ ಕೆಲಸವೂ ಇರಲಿಲ್ಲ. ಬಹಳ ಹೊತ್ತು ರಿಂಗಾಗಿ, ಇನ್ನೇನು ಇಡಬೇಕು ಅನ್ನುವಾಗ ಯಾರೋ ಎತ್ತಿದರು.

"ಯಾರವ್ವ?"

"ನಾನು ಅಮ್ಮ, ಮದ್ದೂರಿಂದ, ರುಮಾನಾ."

"ಓ, ಅವರೆಕಾಯಿ ಸುಲ್ದವ್ಳು! ಸುನಿತ ಇಲ್ಲ ಕಣವ್ವ, ಮಗೀಗೆ ಜರ ಅಂತ ಆಸ್ಪತ್ರೆಗೆ ಕರ್ಕೊಂಡೋಗವ್ಳೆ. ಫೋನ್ ಬುಟ್ಟೇ ಓಗವ್ಳೆ ನೋಡು. ಏನಾರ ಯೋಳ್ಬೇಕಾ?"

"ಏನಿಲ್ಲ ಅಮ್ಮ. ಸುಮ್ನೆ ಮಾಡ್ದೆ."

"ಸುಮ್ನೆ ಅಂದ್ರೆ?"

ಆ ಕಡೆ ಚಿಕ್ಕಮಾದಮ್ಮ ಎಲ್ಲೋ ಕೂತ ಸದ್ದು, ಉಸ್ಸೆಂದ ಸದ್ದು ಕೇಳಿಸಿತು.

"ಸುಮ್ನೆ ಮಾಡಿದ್ರೆ ಇರ್ಲಿ ಬುಡು, ನಾನೂ ಸುಮ್ನೇ ಕುಂತಿವ್ನಿ," ಅಂದಳು ಮುದುಕಿ. "ಆ ದೊಡ್ಡ ಕುರಿ ಇತ್ತಲ್ಲ, ನೀನು ನೋಡ್ದಲ್ಲ, ಅದು ನೆನ್ನೆ ಮರಿ ಆಕ್ತು ಕಣವ್ವ. ನಾನು ಎದ್ದು ನೋಡೋ ಅಷ್ಟ್ರಲ್ಲಿ..."

ರುಮಾನಾ ಲ್ಯಾಪ್‌ಟಾಪು ಮುಚ್ಚಿ, ಗೋಡೆಗೆ ಒರಗಿ ನೆಲದ ಮೇಲೆ ಕೂತಳು. "ಎಷ್ಟು ಮರಿ ಅಮ್ಮ?" ಎಂದು ಕೇಳಿದಳು.